ಇಂಗ್ಲಿಷ್ ಚಾಟ್ ಗುಂಪಿಗೆ ಮೇಷ್ಟ್ರು ಬಂದ ಕೂಡಲೇ ಮಕ್ಕಳು ಸುಮ್ಮನಾಗುತ್ತಾರೆ, ಏನು ಮಾಡೋಣ?

ಹೊಸನಗರ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಂತ ವಾಟ್ಸ್ಆ್ಯಪ್‌ನಲ್ಲಿ ಒಂದು ಗುಂಪು ಮಾಡಿದ್ದೇನೆ. ಸಂಜೆ ಏಳರಿಂದ ಎಂಟರವರೆಗೆ ಅಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಕು. ತಪ್ಪಾದರೂ ಪರವಾಗಿಲ್ಲ.

ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದರೆ ಒಂದು ವಾಕ್ಯ ಹೇಳದ ಮಕ್ಕಳು ಇಲ್ಲಿ ಬರೆಯುತ್ತಾರೆ. ಹಿಂದಿನ ಬೆಂಚಿನ ಒಬ್ಬ ಹುಡುಗ ನನ್ನ ಎದುರು ಬಾಯಿ ಬಿಟ್ಟವನೇ ಅಲ್ಲ. ಮೊನ್ನೆ ಅವನು 'ಟುಡೇ ಅವರ್ ಕೌ ಗಿವ್ ಬೇಬಿ, ವೈಟ್ ಸ್ಪಾಟ್ ಇನ್ ಹೆಡ್' ಅಂತ ಹಾಕಿದ. ಒಬ್ಬಳು ಕೂಡಲೇ 'ಬಾಯ್ ಆರ್ ಗರ್ಲ್?' ಅಂತ ಕೇಳಿದಳು. ಆಮೇಲೆ ಸುಮಾರು ಹೊತ್ತು ಕರುವಿನ ಮೇಲೇ ಮಾತು. ಹಾಲು ಎಷ್ಟು, ಹೆಸರು ಏನು, ಗಿಣ್ಣು ಮಾಡಿದ್ರಾ ಅಂತ. ಗಿಣ್ಣಿಗೆ ಇಂಗ್ಲಿಷಿನಲ್ಲಿ ಏನನ್ನುವುದು ಅಂತ ಯಾರಿಗೂ ಗೊತ್ತಿರಲಿಲ್ಲ, ಗಿಣ್ಣು ಅಂತಲೇ ಬರೆದರು. ಓದಿ ತುಂಬಾ ಖುಷಿಯಾಯಿತು.

ತೊಂದರೆ ಏನಂದರೆ, ನಡುವೆ ನಾನು ಒಂದು ಮಾತು ಬರೆದರೆ ಸಾಕು, 'ಯೆಸ್ ಸರ್', 'ಓಕೆ ಸರ್', ಅಲ್ಲಿಗೆ ಮುಗಿಯಿತು. ನಾನು ಸುಮ್ಮನಿದ್ದರೆ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಶುರು ಮಾಡುತ್ತಾರೆ. ಶಾಲೆಯ ಹಿರಿಯ ಮೇಷ್ಟ್ರೊಬ್ಬರು 'ತಿದ್ದದೆ ಬಿಟ್ಟರೆ ತಪ್ಪನ್ನೇ ಕಲಿಯುತ್ತವೆ' ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ.

ಹಾಗಾದರೆ ಚಾಟ್‌ನಲ್ಲಿ ಮೇಷ್ಟ್ರ ಕೆಲಸ ಏನು? ತಿದ್ದಬೇಕಾ, ಜೊತೆಗೆ ಮಾತಾಡಬೇಕಾ, ನೋಡುತ್ತಾ ಕೂರಬೇಕಾ? ಇಂಥದ್ದು ಮಾಡಿ ನೋಡಿದವರು ದಯವಿಟ್ಟು ಹೇಳಿ.

ತೋಟದ_ಮನೆ

ಮೊದಲು ನೆಟ್‌ವರ್ಕ್ ಬರುತ್ತಾ ಹೇಳಿ ಮಾರಾಯ್ರೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ಟವರೂ ಹೋಗುತ್ತದೆ.

ಹೊಸನಗರ_ಮೇಷ್ಟ್ರು

ಅದಕ್ಕೇ ಬರೆಯುವ ಚಾಟ್ ಹಿಡಿದುಕೊಂಡಿದ್ದು. ವಿಡಿಯೋ ಕ್ಲಾಸ್ ನಮ್ಮ ಕಡೆ ಆಗದ ಮಾತು. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತಿದ್ದು ಮಲೆನಾಡಿನವರಿಗೆಲ್ಲ ನೆನಪಿದೆ. ಮೆಸೇಜಿಗೆ ಒಂದು ಕಡ್ಡಿ ಸಿಗ್ನಲ್ ಸಾಕು. ಅದೂ ಇಲ್ಲದಿದ್ದರೆ ಬರೆದು ಒತ್ತಿಟ್ಟರೆ ಆಯಿತು, ಗಡಿಯಾರದ ಗುರುತು ತೋರಿಸಿಕೊಂಡು ಕಾಯುತ್ತದೆ, ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ.

ತೋಟದ_ಮನೆ

ಅದು ಸರಿ. ಒಪ್ಪಿದೆ.

ನಿವೃತ್ತ_ಶಿಕ್ಷಕಿ

ನಿಮ್ಮ ಹಿರಿಯ ಮೇಷ್ಟ್ರು ಹೇಳಿದ್ದು ಸರಿ. 'ಕೌ ಗಿವ್ ಬೇಬಿ' ಅನ್ನುವುದು ಬಾಯಲ್ಲಿ ಬಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಇಲ್ಲಿ ಅದು ಎಲ್ಲರ ಫೋನಿನಲ್ಲಿ ಅಚ್ಚಾಗಿ ಕೂತಿದೆ. ಉಳಿದ ಮಕ್ಕಳು ಅದನ್ನೇ ಸರಿ ಅಂದುಕೊಳ್ಳುವುದಿಲ್ಲವೇ? ನೋಡಿಯೂ ಮೇಷ್ಟ್ರು ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲೇ ಮಕ್ಕಳು ತಿಳಿಯುತ್ತಾರೆ. ತಿದ್ದುವುದು ನಮ್ಮ ಕರ್ತವ್ಯ. ಅದನ್ನು ಬಿಟ್ಟು ಬರೀ ಖುಷಿ ನೋಡಿದರೆ ಹೇಗೆ?

ಸಾಗರ_ಮಿಸ್

ಮೇಡಂ, ತಿದ್ದಬೇಡಿ ಅಂತ ಯಾರೂ ಹೇಳುವುದಿಲ್ಲ. ಎಲ್ಲಿ ತಿದ್ದಬೇಕು ಅನ್ನುವುದೇ ಪ್ರಶ್ನೆ. ಸಂಜೆ ಎಲ್ಲರ ಎದುರು ತಿದ್ದಿದರೆ ಆ ಹುಡುಗ ಮತ್ತೆ ಬರೆಯುವುದಿಲ್ಲ.

ನಾನು ಸಾಗರ ಕಡೆಯ ಹೈಸ್ಕೂಲಿನಲ್ಲಿ ಇದನ್ನೇ ಮಾಡುತ್ತಿದ್ದೇನೆ, ವಿವರವಾಗಿ ಹೇಳುತ್ತೇನೆ. 'ಇಂಗ್ಲಿಷಿನಲ್ಲಿ ಮಾತಾಡಿ' ಅಂದರೆ ಯಾರೂ ಮಾತಾಡುವುದಿಲ್ಲ ಸರ್. ಏನು ಮಾತಾಡುವುದು? 'ಹೌ ಆರ್ ಯು, ಐ ಆಮ್ ಫೈನ್' ಆದ ಮೇಲೆ ಮುಂದೇನು? ಕರು ಹುಟ್ಟಿದ ದಿನ ನಿಮ್ಮ ಗುಂಪು ಓಡಿದ್ದು ಹೇಳಲು ಸುದ್ದಿ ಇದ್ದಿದ್ದಕ್ಕೆ. ದಿನಾ ಕರು ಹುಟ್ಟುವುದಿಲ್ಲ ಅಲ್ವಾ? ಬೇರೆ ದಿನ ಆ ಸುದ್ದಿಯನ್ನು ನಾವೇ ಮಾಡಿಕೊಡಬೇಕು.

ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಅಡಿಕೆ ಮನೆಯವರು. ನಾನು ಎರಡು ಚೀಟಿ ಮಾಡಿದೆ. ಒಂದರಲ್ಲಿ ಶಿವಮೊಗ್ಗ ಮಾರ್ಕೆಟ್ಟಿನ ರೇಟು, ಅಂದರೆ ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲಿನದು. ಇನ್ನೊಂದರಲ್ಲಿ ಸಾಗರದ ರೇಟು, ಜೊತೆಗೆ ಲಾರಿ ಬಾಡಿಗೆ. ಅರ್ಧ ಮಕ್ಕಳಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಹತ್ತು ಕ್ವಿಂಟಾಲ್ ರಾಶಿ ಇದೆ, ಎಲ್ಲಿ ಮಾರಿದರೆ ಲಾಭ ಅಂತ ಎಂಟು ಗಂಟೆಯೊಳಗೆ ತೀರ್ಮಾನ ಮಾಡಬೇಕು. ಚೀಟಿಯ ಫೋಟೋ ಹಾಕುವಂತಿಲ್ಲ, ಕೇಳಿಯೇ ತಿಳಿಯಬೇಕು. ಆಗ ನೋಡಿ, 'ಹೌ ಮಚ್ ರಾಶಿ ಇನ್ ಸಾಗರ?', 'ಹೂ ಪೇ ಲಾರಿ?', 'ನೋ ನೋ, ಯು ಫರ್ಗೆಟ್ ಲಾರಿ!' ಅಂತ ಒಂದರ ಮೇಲೊಂದು ಬರುತ್ತದೆ. ಅಷ್ಟು ಹೊತ್ತೂ ನಾನು ಒಂದಕ್ಷರ ಬರೆಯುವುದಿಲ್ಲ. ಯಾರಾದರೂ ದಾರಿ ತಪ್ಪಿದರೆ ಮಾತ್ರ ಒಂದು ಪ್ರಶ್ನೆ ಹಾಕುತ್ತೇನೆ.

ಮಾರನೇ ದಿನ ಬೆಳಿಗ್ಗೆ ಅದೇ ಚಾಟಿನಿಂದ ಮೂರು ಸಾಲು ಬೋರ್ಡಿನ ಮೇಲೆ ಬರೆಯುತ್ತೇನೆ. ಯಾರದ್ದು ಅಂತ ಹೇಳುವುದಿಲ್ಲ. 'ಹೂ ಪೇ ಲಾರಿ?' ಸರಿ ಮಾಡಿ ಅಂದರೆ ಐದಾರು ಕೈ ಏಳುತ್ತವೆ. ಬರೆದವನ ಕೈಯೂ ಏಳುತ್ತದೆ. ಒಂದು ದಿನಕ್ಕೆ ಮೂರೇ ಸಾಲು. ಜಾಸ್ತಿ ಮಾಡಿದರೆ ಅದು ಮತ್ತೆ ವ್ಯಾಕರಣದ ಪೀರಿಯಡ್ ಆಗಿಬಿಡುತ್ತದೆ.

ಅಡಿಕೆ_ಸೋಗೆ

ಮಿಸ್, ಲಾರಿ ಬಾಡಿಗೆ ಜೊತೆ ಹಮಾಲಿ ಕೂಲಿಯನ್ನೂ ಸೇರಿಸಿ. ಲೆಕ್ಕ ಸರಿ ಬರುವುದೇ ಆಗ.

ಸಾಗರ_ಮಿಸ್

ಒಬ್ಬ ಹುಡುಗ ಅದನ್ನೇ ಕೇಳಿದ, 'ಮಿಸ್, ವೇರ್ ಹಮಾಲಿ ಮನಿ?' ಅಂತ. ಮುಂದಿನ ಚೀಟಿಯಲ್ಲಿ ಹಾಕಿದ್ದೇನೆ.

ತೋಟದ_ಮನೆ

ರೇಟಿನ ಮಾತು ಬಂತು ಅಂತ ಕೇಳ್ತೇನೆ, ಎಲೆಚುಕ್ಕೆ ರೋಗಕ್ಕೆ ಈ ಸಲ ಯಾರಾದರೂ ಬೇರೆ ಔಷಧಿ ಹೊಡೆದಿದ್ದೀರಾ? ನಮ್ಮ ಮೇಲಿನ ತೋಟ ಪೂರ್ತಿ ಹೋಗಿದೆ.

ಅಡಿಕೆ_ಸೋಗೆ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ. ಇಲ್ಲಿ ಮಕ್ಕಳ ವಿಷಯ ನಡೀಲಿ.

ಶಂಕರಘಟ್ಟ_ಉಪನ್ಯಾಸಕ

ನಾನು ಇಂಗ್ಲಿಷ್ ಬೋಧನೆಯ ವಿಷಯದಲ್ಲೇ ಕೆಲಸ ಮಾಡುವವನು, ಅದಕ್ಕೆ ಎರಡು ಮಾತು. ಮೇಷ್ಟ್ರು ಕಂಡದ್ದು ಹೊಸತಲ್ಲ. 1995ರಲ್ಲಿ ರಿಚರ್ಡ್ ಕರ್ನ್ ಅನ್ನುವವರು ಅಮೆರಿಕದ ಬರ್ಕ್ಲಿಯಲ್ಲಿ ಫ್ರೆಂಚ್ ಕಲಿಯುವ ವಿದ್ಯಾರ್ಥಿಗಳನ್ನು ನೋಡಿ ಬರೆದರು. ಅದೇ ಮಕ್ಕಳು, ಅದೇ ವಿಷಯ. ಒಮ್ಮೆ ಬಾಯಿ ಮಾತಿನ ಚರ್ಚೆ, ಒಮ್ಮೆ ಕಂಪ್ಯೂಟರಿನಲ್ಲಿ ಬರೆದು ಚರ್ಚೆ. ಬರೆಯುವಾಗ ಒಬ್ಬೊಬ್ಬರೂ ಎರಡರಿಂದ ಮೂರೂವರೆ ಪಟ್ಟು ಹೆಚ್ಚು ಸಲ ಮಾತಿಗೆ ಬಂದರು. ಮಕ್ಕಳು ಮೇಷ್ಟ್ರನ್ನು ಬಿಟ್ಟು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಆದರೆ ಶಿಕ್ಷಕಿ ಮೇಡಂ ಹೇಳುವ ಭಯವೂ ಸುಳ್ಳಲ್ಲ. ವ್ಯಾಕರಣದ ಶುದ್ಧಿಗೆ ಅದರಿಂದ ಒಳ್ಳೆಯದಾಗಲಿಲ್ಲ ಅಂತ ಕರ್ನ್ ಅವರೇ ಬರೆದಿದ್ದಾರೆ.

ತಿದ್ದುವುದರ ಬಗ್ಗೆ ಇನ್ನೊಂದು. 1997ರಲ್ಲಿ ಲಿಸ್ಟರ್ ಮತ್ತು ರಾಂಟಾ ಕೆನಡಾದ ಫ್ರೆಂಚ್ ತರಗತಿಗಳನ್ನು ನೋಡಿದರು. ಮಗು ತಪ್ಪು ಹೇಳಿದಾಗ ಮೇಷ್ಟ್ರು ಸರಿಯಾದ ವಾಕ್ಯ ತಾವೇ ಹೇಳಿ ಮುಂದೆ ಹೋಗುವುದು ಅಲ್ಲಿ ಎಲ್ಲಕ್ಕಿಂತ ಜಾಸ್ತಿ. ಆದರೆ ಹಾಗೆ ಹೇಳಿಕೊಟ್ಟಾಗ ಮಕ್ಕಳು ಅದಕ್ಕೆ ಸ್ಪಂದಿಸಿದ್ದು 31 ಪರ್ಸೆಂಟ್ ಸಲ ಮಾತ್ರ. ಮಗುವಿನ ಬಾಯಿಂದಲೇ ಸರಿಯಾದದ್ದನ್ನು ಹೊರಡಿಸಲು ನೋಡಿದಾಗ ಪ್ರತಿ ಸಲವೂ ಸ್ಪಂದಿಸಿದರು. ಸಾಗರದ ಮಿಸ್ ಬೋರ್ಡಿನ ಮೇಲೆ ಮಾಡುವುದು ಇದನ್ನೇ.

ನಿವೃತ್ತ_ಶಿಕ್ಷಕಿ

ಕೆನಡಾದ ಮಕ್ಕಳಿಗೆ ಸುತ್ತಮುತ್ತ ಫ್ರೆಂಚ್ ಕೇಳುತ್ತದೆ. ನಮ್ಮ ಮಗುವಿಗೆ ಇಂಗ್ಲಿಷ್ ಸಿಗುವುದು ಶಾಲೆಯಲ್ಲಿ ಮಾತ್ರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೋರ್ಡಿನ ಮೇಲೆ ತಿದ್ದುವುದನ್ನು ಒಪ್ಪುತ್ತೇನೆ. ಮೂರು ಸಾಲು ಸಾಲುವುದಿಲ್ಲ.

ಅಪ್ಪ_ತೀರ್ಥಹಳ್ಳಿ

ನಾನು ತಂದೆಯಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿಗೆ 80 ಅಂಕದ ಪತ್ರಿಕೆ. ಅದರಲ್ಲಿ ಮಾತಾಡಿ ತೋರಿಸುವ ಪ್ರಶ್ನೆ ಒಂದೂ ಇಲ್ಲ. ಏಳರಿಂದ ಎಂಟು ಮಕ್ಕಳು ಓದಿಕೊಳ್ಳುವ ಹೊತ್ತು. ಓದುವ ಹೊತ್ತಿಗೆ ಫೋನ್ ಕೊಡಿ ಅಂತ ಮೇಷ್ಟ್ರೇ ಹೇಳಿದರೆ ನಾವು ಮನೆಯಲ್ಲಿ ಏನು ಹೇಳುವುದು?

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಫೋನ್ ನನ್ನದು, ನಂಬರ್ ನನ್ನದು. ಆದರೆ ಬರೆಯುವವಳು ಮಗಳು ಅಂತ ಕ್ಲಾಸಿಗೆಲ್ಲ ಗೊತ್ತು. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಗುಂಪು ಬಿಟ್ಟು ಯಾರಾದರೂ ನೇರವಾಗಿ ಮೆಸೇಜ್ ಹಾಕಿದರೆ? ನಮ್ಮ ಪರಿಚಯದವರ ಮನೆಯಲ್ಲಿ ಹಾಗೆ ಆಗಿ, ಆ ಹುಡುಗಿ ಶಾಲೆಗೆ ಹೋಗಲೇ ಹಿಂಜರಿಯುವಂತಾಯಿತು. ಭಾಷೆಯ ಮಾತಿಗಿಂತ ಮೊದಲು ಇದಕ್ಕೆ ಉತ್ತರ ಬೇಕು.

ಶಂಕರಘಟ್ಟ_ಉಪನ್ಯಾಸಕ

ಈ ಮಾತನ್ನು ಎಲ್ಲ ಮೇಷ್ಟ್ರುಗಳೂ ತಲೆಗೆ ಹಾಕಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರನ್ನೆಲ್ಲ ಮಕ್ಕಳು ಅಂತಲೇ ಲೆಕ್ಕ ಹಿಡಿಯುತ್ತದೆ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಹಾಗಿರಲಿ, ಗುಂಪು ಮಾಡುವ ಮೊದಲು ಮನೆಯವರನ್ನು ಶಾಲೆಗೆ ಕರೆದು ಕೂರಿಸಿ ಮಾತಾಡುವುದೇ ಸರಿ.

ಸಾಗರ_ಮಿಸ್

ನಮ್ಮಲ್ಲಿ ನಾಲ್ಕೈದು ಮಕ್ಕಳ ಸಣ್ಣ ಗುಂಪುಗಳು. ಪ್ರತಿಯೊಂದರಲ್ಲೂ ನಾನಿದ್ದೇನೆ, ಒಬ್ಬರು ತಾಯಿಯೂ ಇದ್ದಾರೆ. ಹೆಣ್ಣುಮಕ್ಕಳ ಗುಂಪು ಬೇರೆ ಬೇಕು ಅಂದವರಿಗೆ ಬೇರೆ. ಎಂಟು ಗಂಟೆಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕುತ್ತೇನೆ. ನೇರ ಮೆಸೇಜ್ ಹಾಕಿದವರು ಗುಂಪಿನಿಂದ ಹೊರಗೆ, ಅವರ ಮನೆಗೆ ಫೋನ್ ಹೋಗುತ್ತದೆ ಅಂತ ಮೊದಲ ದಿನವೇ ಹೇಳಿದ್ದೇನೆ. ಇದೂ ಮೇಷ್ಟ್ರ ಕೆಲಸವೇ. ಇಷ್ಟು ಮಾಡಲಾಗದಿದ್ದರೆ ಗುಂಪು ಮಾಡಬಾರದು.

ಅಪ್ಪ_ತೀರ್ಥಹಳ್ಳಿ

ತಾಯಂದಿರನ್ನು ಸೇರಿಸಿದ್ದು ಒಳ್ಳೆಯದು. ಅಂಕದ ಪ್ರಶ್ನೆ ಹಾಗೇ ಉಳಿದಿದೆ.

ಪಿಯು_ಹುಡುಗಿ

ನಾನು ಫಸ್ಟ್ ಪಿಯು. ಹೋದ ವರ್ಷ ನಮ್ಮ ಶಾಲೆಯಲ್ಲೂ ಇಂಥ ಗುಂಪಿತ್ತು. ಸರ್, ನೀವು ಬಂದಾಗ ಯಾಕೆ ಸುಮ್ಮನಾಗುತ್ತಾರೆ ಅಂತ ನಾನು ಹೇಳುತ್ತೇನೆ. ಗುಂಪಿನಲ್ಲಿ ಬರೆದದ್ದನ್ನು ಸ್ಟಾಫ್ ರೂಮಿನಲ್ಲಿ ತೋರಿಸಿ ನಗುತ್ತಾರೆ ಅನ್ನುವ ಭಯ. ನಮ್ಮಲ್ಲಿ ಒಂದು ಸಲ ಹಾಗೆ ಆಗಿತ್ತು. ಆಮೇಲೆ ಯಾರೂ ಬರೆಯಲಿಲ್ಲ.

ಇನ್ನೊಂದು ವಿಷಯ ದೊಡ್ಡವರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಫೋನ್ ಒಂದೇ. ಅಪ್ಪ ತೋಟದಿಂದ ಬಂದು, ಕೈಕಾಲು ತೊಳೆದು, ಡೈರಿ ಲೆಕ್ಕ ನೋಡಿ, ಆಮೇಲೆ ತಮ್ಮನ ಕೈಗೆ ಹೋಗುತ್ತದೆ. ನನ್ನ ಕೈಗೆ ಬರುವಾಗ ಏಳೂ ಐವತ್ತು. ಅಷ್ಟು ಹೊತ್ತಿಗೆ ನೂರು ಮೆಸೇಜ್ ಆಗಿರುತ್ತದೆ, ಎಲ್ಲಿಂದ ಮಾತಿಗೆ ಸೇರುವುದು? 'ಶಿ ಈಸ್ ನಾಟ್ ಪಾರ್ಟಿಸಿಪೇಟಿಂಗ್' ಅಂತ ಸರ್ ಹೇಳಿದರು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳು ಕಡಿಮೆ ಬರೆಯುತ್ತಾರೆ ಅನ್ನಿಸಿದರೆ ಮೊದಲು ಫೋನ್ ಯಾರ ಕೈಯಲ್ಲಿದೆ ಅಂತ ಕೇಳಿ.

ಹೊಸನಗರ_ಮೇಷ್ಟ್ರು

ಕೂಸೇ, ತುಂಬಾ ಉಪಕಾರವಾಯಿತು. ಏಳರಿಂದ ಎಂಟು ಅನ್ನುವ ಗಡಿ ತೆಗೆಯುತ್ತೇನೆ. ರಾತ್ರಿ ಒಂಬತ್ತರ ಒಳಗೆ ಯಾವಾಗ ಫೋನ್ ಸಿಗುತ್ತದೋ ಆಗ ಬರೆಯಲಿ. ಹೆಣ್ಣುಮಕ್ಕಳ ಮೆಸೇಜ್ ತಡವಾಗಿ ಬರುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತು.

ದುರ್ಗಿಗುಡಿ_ಹಳಬ

ಮೇಷ್ಟ್ರೇ ಬೇಡ ಅನ್ನುವವರ ಪರವಾಗಿ ಒಂದು ಮಾತು. ನಾವು ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ದುರ್ಗಿಗುಡಿ ಕಡೆ ಸೈಬರ್ ಕೆಫೆಗಳು ಬಂದವು. ಗಂಟೆಗೆ ಇಷ್ಟು ಅಂತ ಕೊಟ್ಟು ಯಾಹೂ ಮೆಸೆಂಜರಿನಲ್ಲಿ ಕೂರುತ್ತಿದ್ದೆವು. ನನಗೆ ಮನಿಲಾದ ಒಬ್ಬ ನರ್ಸಿಂಗ್ ವಿದ್ಯಾರ್ಥಿಯ ಪರಿಚಯವಾಯಿತು. ಅವನ ಊರಿನ ಮಳೆ, ನಮ್ಮ ಊರಿನ ಮಳೆ, ಅವನ ಪರೀಕ್ಷೆ, ನನ್ನ ಪರೀಕ್ಷೆ. ಅವನದೂ ಕಲಿತ ಇಂಗ್ಲಿಷ್, ನನ್ನದೂ ಅಷ್ಟೇ. ಯಾರೂ ಯಾರನ್ನೂ ತಿದ್ದಲಿಲ್ಲ. ಅರ್ಥವಾಗದಿದ್ದರೆ 'ವಾಟ್?' ಅಂತ ಹಾಕುತ್ತಿದ್ದ, ನಾನು ಬೇರೆ ರೀತಿ ಬರೆಯುತ್ತಿದ್ದೆ. ಹಾಗೇ ಬಂತು ಭಾಷೆ.

ಆದರೆ ಬೆರಳಿಗೆ ಬಂದದ್ದು ಬಾಯಿಗೆ ಬರಲು ಮತ್ತೆ ಬಹಳ ಕಾಲ ಬೇಕಾಯಿತು. ಮೊದಲ ಸಂದರ್ಶನದಲ್ಲಿ ವಾಕ್ಯ ತಲೆಯಲ್ಲಿತ್ತು, ಬಾಯಿ ತೆರೆಯಲಿಲ್ಲ. ಮಕ್ಕಳಿಂದ ಧ್ವನಿ ಮೆಸೇಜನ್ನೂ ಹಾಕಿಸಿ ಸರ್. ಬರೀ ಬರೆಸಿದರೆ ಅರ್ಧ ಕೆಲಸವೇ ಆಗುವುದು.

ಹೆಗ್ಗೋಡು_ಹಾದಿ

ಬಾಯಿ ಬಿಡಿಸಲು ನಾಟಕ ಮಾಡಿಸಿ. ನೀನಾಸಂ ನಾಟಕ ಸಂಸ್ಥೆ ಇರುವ ಊರಿನವರು ನಾವು, ಇದನ್ನು ಕಣ್ಣಾರೆ ಕಂಡಿದ್ದೇವೆ. ಇನ್ನೊಬ್ಬರ ಮಾತು ಆಡುವಾಗ ಮಗುವಿಗೆ ನಾಚಿಕೆ ಇರುವುದಿಲ್ಲ. ಚಾಟಿನಲ್ಲಿ ಬರೆದ ಅಡಿಕೆ ವ್ಯಾಪಾರವನ್ನೇ ಮಾರನೇ ದಿನ ಕ್ಲಾಸಿನಲ್ಲಿ ಆಡಿಸಬಹುದಲ್ಲ?

ಸಾಗರ_ಮಿಸ್

ಇದು ಹೊಳೆದಿರಲಿಲ್ಲ! ಚಾಟನ್ನೇ ಸಂಭಾಷಣೆ ಮಾಡಿ ಕೊಡಬಹುದು. ಖಂಡಿತ ಮಾಡಿಸುತ್ತೇನೆ.

ಗಾಜನೂರು_ಗೆಳೆಯ

ಮತ್ತೂರಿನಲ್ಲಿ ಸಂಸ್ಕೃತ ಮಾತಾಡಲು ಶುರು ಮಾಡಿದಾಗ ಯಾವ ಚಾಟ್ ಇತ್ತು? ಜನ ಕೂತು ಮಾತಾಡಿದರು, ಬಂತು. ಫೋನ್ ಯಾಕೆ ಬೇಕು?

ಶಂಕರಘಟ್ಟ_ಉಪನ್ಯಾಸಕ

ಮತ್ತೂರಿನ ಉದಾಹರಣೆ ಚಾಟಿನ ಪರವಾಗಿಯೇ ಇದೆ. ಅಲ್ಲಿ ಅನೇಕರ ಮನೆಮಾತು ಸಂಕೇತಿ. ಸಂಸ್ಕೃತ ಮಾತಿಗೆ ಬಂದಿದ್ದು 1980ರ ದಶಕದ ಸಂಭಾಷಣಾ ಶಿಬಿರದ ನಂತರ. ಪಾಠಶಾಲೆ ಮೊದಲೂ ಇತ್ತು. ಅಂಗಡಿಯಲ್ಲಿ, ಬೀದಿಯಲ್ಲಿ ಆಡಲು ಇನ್ನೊಬ್ಬರು ಸಿಕ್ಕಿದ್ದು ಆಮೇಲೆ. ನಮ್ಮ ಹೊಸನಗರದ ಮಕ್ಕಳಿಗೆ ಇಂಗ್ಲಿಷ್ ಆಡುವ ಬೀದಿ ಎಲ್ಲಿದೆ? ಆ ಗುಂಪೇ ಅವರ ಬೀದಿ.

ಕೊಪ್ಪ_ಬ್ಯಾಂಕ್

ನಾನು ಪಟ್ನಾ ಕಡೆಯವನು. ಕೊಪ್ಪದ ಒಂದು ಬ್ಯಾಂಕಿನಲ್ಲಿ ಕೆಲಸ. ನಾನು ಕನ್ನಡ ಕಲಿತದ್ದು ಚಾಟಿನಲ್ಲಿ. ಕೌಂಟರಿನಲ್ಲಿ ನಾನು ಕನ್ನಡ ಶುರು ಮಾಡಿದರೆ ಎಲ್ಲರೂ ಪಾಪ ಅಂತ ಹಿಂದಿಗೆ ಬರುತ್ತಾರೆ. ಒಳ್ಳೆಯ ಜನ, ಆದರೆ ನನಗೆ ಕಲಿಯಲು ಆಗಲಿಲ್ಲ. ನಮ್ಮ ಬ್ರಾಂಚಿನ ಅಟೆಂಡರ್ ಅಣ್ಣ ಮಾತ್ರ ಹಾಗೆ ಮಾಡಲಿಲ್ಲ. 'ನೀವು ನನಗೆ ವಾಟ್ಸ್ಆ್ಯಪ್ ಮಾಡುವುದಾದರೆ ಕನ್ನಡದಲ್ಲೇ ಮಾಡಿ' ಅಂದರು. ನಾನು 'ನಾಳೆ ಬೇಗ ಬರುತ್ತಾನೆ' ಅಂತ ಬರೆದರೆ ಅವರು 'ಯಾರು ಬರುತ್ತಾನೆ?' ಅಂತ ಕೇಳುತ್ತಿದ್ದರು. ತಪ್ಪು ಏನು ಅಂತ ಹೇಳುತ್ತಿರಲಿಲ್ಲ. ನಾನೇ ಯೋಚಿಸಿ 'ಬರುತ್ತೇನೆ' ಅಂತ ಬರೆಯುವವರೆಗೆ ಬಿಡುತ್ತಿರಲಿಲ್ಲ. ಅವರು ಮೇಷ್ಟ್ರು ಅಲ್ಲ, ಆದರೆ ನನಗೆ ಅವರೇ ಮೇಷ್ಟ್ರು.

ತೋಟದ_ಮನೆ

ಎಂತ ಚಂದ ಕನ್ನಡ ಬರೀತೀರಿ ಮಾರಾಯ್ರೆ!

ಭದ್ರಾವತಿ_ಸಾಫ್ಟ್‌ವೇರ್

ಇಷ್ಟೆಲ್ಲ ಯಾಕೆ? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರತಿ ಮಗುವಿಗೂ ಒಬ್ಬ ಮೇಷ್ಟ್ರು ಸಿಕ್ಕಿದ ಹಾಗೆ. ರಾತ್ರಿ ಹನ್ನೊಂದಕ್ಕೂ ಮಾತಾಡುತ್ತದೆ, ಬೈಯುವುದಿಲ್ಲ, ಸ್ಟಾಫ್ ರೂಮಿನಲ್ಲಿ ತೋರಿಸುವುದಿಲ್ಲ. 'ನಾನು ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸ್, ಸುಲಭದ ಇಂಗ್ಲಿಷಿನಲ್ಲಿ ಮಾತಾಡು, ಒಂದು ಸಲಕ್ಕೆ ಒಂದೇ ತಪ್ಪು ತೋರಿಸು' ಅಂತ ಹೇಳಿದರೆ ಹಾಗೇ ಮಾಡುತ್ತದೆ. ನಾಚಿಕೆ ಸ್ವಭಾವದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಸಾಗರ_ಮಿಸ್

ನಾಚಿಕೆಯ ಮಕ್ಕಳಿಗೆ ಸಹಾಯ ಆಗುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಒಬ್ಬ ಹುಡುಗ ರಜೆ ಅರ್ಜಿಯಲ್ಲಿ 'ಐ ರಿಗ್ರೆಟ್ ಟು ಇನ್ಫಾರ್ಮ್ ಯು ದಟ್ ಮೈ ಗ್ರಾಂಡ್‌ಮದರ್ ಈಸ್ ಇಂಡಿಸ್ಪೋಸ್ಡ್' ಅಂತ ಬರೆದು ತಂದ. 'ಅಜ್ಜಿಗೆ ಏನಾಗಿದೆ, ಇಂಗ್ಲಿಷಿನಲ್ಲಿ ಹೇಳು' ಅಂದೆ. ತುಂಬಾ ಹೊತ್ತು ನಿಂತ. ಆಮೇಲೆ 'ಅಜ್ಜಿ ಫೀವರ್, ನೋ ಈಟ್ ಟೂ ಡೇಸ್' ಅಂದ. ಈ ಎರಡನೇ ವಾಕ್ಯ ಅವನದು. ನಾನು ಕೆಲಸ ಶುರು ಮಾಡಬೇಕಾದ್ದು ಅದರಿಂದ. ಮೊದಲನೆಯದನ್ನು ಮಾತ್ರ ನೋಡಿದ್ದರೆ ಅವನಿಗೆ ಏನು ಬರುತ್ತದೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಭದ್ರಾವತಿ_ಸಾಫ್ಟ್‌ವೇರ್

ಅದು ಬಳಸುವ ರೀತಿಯ ತಪ್ಪು ಮಿಸ್. ಬರೆಸಿಕೊಂಡು ತರುವುದು ಬೇರೆ, ಅದರ ಜೊತೆ ಮಾತಾಡಿ ಕಲಿಯುವುದು ಬೇರೆ.

ಸಾಗರ_ಮಿಸ್

ಸರಿ, ಆದರೆ ಆ ವ್ಯತ್ಯಾಸವನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಯಾರು ಹೇಳಿಕೊಡುತ್ತಾರೆ?

ನಿವೃತ್ತ_ಶಿಕ್ಷಕಿ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಪಿಯು_ಹುಡುಗಿ

ನಾನು ಎರಡನ್ನೂ ಮಾಡಿದ್ದೇನೆ. ಎಐ ಜೊತೆ ಬರೆದರೆ ಸ್ಪೆಲ್ಲಿಂಗ್ ಸರಿಯಾಗುತ್ತದೆ. ಆದರೆ ಗೆಳತಿಯರ ಗುಂಪಿನಲ್ಲಿ ಬೇಗ ಉತ್ತರ ಕೊಡಬೇಕು, ಇಲ್ಲದಿದ್ದರೆ ಮಾತು ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಗೊತ್ತಿರುವ ಶಬ್ದದಲ್ಲೇ ಹೇಗಾದರೂ ಹೇಳಬೇಕಾಗುತ್ತದೆ. ನನಗೆ ಜಾಸ್ತಿ ಕಲಿಸಿದ್ದು ಅದು.

ಹೊಸನಗರ_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಮುಂದಿನ ವಾರದಿಂದ ಹೀಗೆ ಮಾಡುತ್ತೇನೆ. ಶನಿವಾರ ಮನೆಯವರನ್ನು ಶಾಲೆಗೆ ಕರೆದು ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಗುಂಪು ಒಡೆದು ಸಣ್ಣದು ಮಾಡುತ್ತೇನೆ, ತಾಯಂದಿರನ್ನು ಸೇರಿಸುತ್ತೇನೆ. ದಿನಾ ಬೇಡ, ವಾರಕ್ಕೆ ಎರಡು ಸಲ, ಚೀಟಿ ಕೊಟ್ಟು ಕೆಲಸ. ಅವರು ಬರೆಯುವಾಗ ನಾನು ಬರೆಯುವುದಿಲ್ಲ. ಅವರ ಸಾಲುಗಳನ್ನು ಹೆಸರಿಲ್ಲದೆ ಬೋರ್ಡಿಗೆ ತರುತ್ತೇನೆ, ಕ್ಲಾಸಿನ ಹೊರಗೆ ಯಾರಿಗೂ ತೋರಿಸುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಮಾತು ಕೊಡುತ್ತೇನೆ. ಅಡಿಕೆ ಇಲ್ಲದ ಮನೆಯ ಮಕ್ಕಳೂ ನಮ್ಮಲ್ಲಿದ್ದಾರೆ, ಅವರಿಗೆ ಬಸ್ಸಿನ ಟೈಮಿನ ಚೀಟಿ ಮಾಡುತ್ತೇನೆ. ಹೊಸನಗರದಿಂದ ಶಿವಮೊಗ್ಗಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು ಅಂತ.

ಅಪ್ಪ_ತೀರ್ಥಹಳ್ಳಿ

ವಾರಕ್ಕೆ ಎರಡು ಸಲ ಆದರೆ ನನ್ನ ಆಕ್ಷೇಪ ಇಲ್ಲ. ಹತ್ತನೇ ಕ್ಲಾಸಿಗೆ ಮಾತ್ರ ಬೇಡ, ಆ ಮಾತು ಬಿಡುವುದಿಲ್ಲ.

ನಿವೃತ್ತ_ಶಿಕ್ಷಕಿ

ಬೋರ್ಡಿಗೆ ಐದು ಸಾಲಾದರೂ ತನ್ನಿ.

ಕೊಪ್ಪ_ಬ್ಯಾಂಕ್

ಮಿಸ್, ನಿಮ್ಮ ಅಡಿಕೆ ಚೀಟಿ ಕನ್ನಡದಲ್ಲೂ ಇದ್ದರೆ ಇಲ್ಲಿ ಹಾಕುತ್ತೀರಾ? ನಮ್ಮ ಬ್ರಾಂಚಿಗೆ ಹೊಸದಾಗಿ ಒಡಿಶಾದಿಂದ ಒಬ್ಬರು ಬಂದಿದ್ದಾರೆ. ಅವರಿಗೆ ಸರಕು, ಗೊರಬಲು ಎಲ್ಲ ಗೊತ್ತಿರಬೇಕು, ಸಾಲ ಕೊಡುವ ಕೆಲಸ ಅವರದು.

ಸಾಗರ_ಮಿಸ್

ಕನ್ನಡದಲ್ಲಿ ಇಲ್ಲ, ಮಾಡಿ ಹಾಕುತ್ತೇನೆ. ಹಮಾಲಿ ಕೂಲಿ ಸೇರಿಸಿ.